ಎಲ್ಪಿಡಿಯೊನ ಬ್ರೇಕು ಬಾಯಿ ಮುಚ್ಚಿದ್ದು

ಕಾವಲುಗಾರ ಎಲ್ಪಿಡಿಯೊನ ಗಸ್ತು ಗಾಡಿ ಬ್ರೇಕು ಹಾಕಿದಾಗಲೆಲ್ಲ ಕೂಗುತ್ತಿತ್ತು. ಸಣ್ಣಗೆ ಅಲ್ಲ. ಬಾಗಿಯೊ ಬೆಟ್ಟದ ಇಳಿಜಾರಿನ ಸಾಂತಾ ರುಫಿನಾ ಬಡಾವಣೆಯಲ್ಲಿ ಅವನು ಮೇಲಿನ ತಿರುವಿನಲ್ಲಿ ಪೆಡಲು ತುಳಿದರೆ, ಕೆಳಗಿನ ಬೀದಿಯ ಹಂದಿಗಳು ನಿದ್ದೆಯಿಂದ ಎದ್ದು ನಿಲ್ಲುತ್ತಿದ್ದವು.

ಹಂದಿಗಳ ವಿಷಯ ಹಾಗಿರಲಿ, ಅವನ ಕೆಲಸಕ್ಕೇ ಸಂಚಕಾರ ಬಂದಿತ್ತು. ಹೋದ ಭಾನುವಾರ ಇಗರ್ಜಿಯ ಬಾಗಿಲಲ್ಲಿ ಪಾದ್ರಿಗಳು, "ನಿಮ್ಮ ಬಡಾವಣೇಲಿ ಇಸ್ಪೀಟು ಜೋರಂತೆ?" ಎಂದು ಕಪಿತಾನ ಗೌದೆನ್ಸಿಯೊನನ್ನು ಎಲ್ಲರೆದುರು ಕೇಳಿಬಿಟ್ಟರು. ಕಪಿತಾನ ಅಂದರೆ ಬಡಾವಣೆಯ ಮುಖ್ಯಸ್ಥ, ಎಲ್ಪಿಡಿಯೊನ ಅನ್ನದಾತ. ಆತ ಕೆಂಪಗಾಗಿ ಎಲ್ಪಿಡಿಯೊನತ್ತ ತಿರುಗಿದ. "ಶನಿವಾರ ಸಂಜೆಯೊಳಗೆ ಆಟಗಾರರನ್ನ ಹಿಡಿ. ಇಲ್ಲಾಂದ್ರೆ ಗಾಡಿ ಕೀಲಿ ನನ್ನ ಮೇಜಿನ ಮೇಲಿಟ್ಟು ಮನೆಗೆ ಹೋಗು."

ಆಟ ನಡೆಯುವುದು ಇಳಿಜಾರಿನ ಕೊನೆಗಿರುವ ಪಾಸಿತಾಳ ಮನೆಯಲ್ಲಿ ಎಂದು ಗಾಳಿಮಾತು. ಎಲ್ಪಿಡಿಯೊ ವಾರವಿಡೀ ಮಧ್ಯಾಹ್ನ ನಾಲ್ಕಕ್ಕೆ ಅಲ್ಲಿಗೆ ಹೋದ. ಪ್ರತಿ ಸಲವೂ ಕಂಡದ್ದು ಒಂದೇ. ನೆರೆಹೊರೆಯವರೆಲ್ಲ ಜಪಮಾಲೆ ಹಿಡಿದು ಮಂಡಿಯೂರಿದ್ದಾರೆ, ಮುಂದೆ ಕೂತು ಪ್ರಾರ್ಥನೆ ಹೇಳಿಕೊಡುತ್ತಿರುವವಳು ಅವನ ಸ್ವಂತ ಹೆಂಡತಿ ನೆನಿತಾ. ಎಲ್ಪಿಡಿಯೊ ಟೋಪಿ ತೆಗೆದು ತಾನೂ ಒಂದು ಸುತ್ತು ಜಪ ಮಾಡಿ ವಾಪಸಾಗುತ್ತಿದ್ದ. ಇಂಥ ಭಕ್ತರ ಮೇಲೆ ಸಂಶಯಪಟ್ಟೆನಲ್ಲ ಎಂದು ಅವನಿಗೆ ನಿಜಕ್ಕೂ ನಾಚಿಕೆಯಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಕೂಗು ನಿಂತು ಕರಕರ ಶುರುವಾಯಿತು, ಕಲ್ಲಿನ ಮೇಲೆ ಕಬ್ಬಿಣ ಉಜ್ಜಿದ ಹಾಗೆ. ಪೆಡಲು ಅರ್ಧ ಇಳಿದ ಮೇಲೆಯೇ ಗಾಡಿ ನಿಲ್ಲುವ ಮನಸ್ಸು ಮಾಡುತ್ತಿತ್ತು. ಎಲ್ಪಿಡಿಯೊ ಹೆದರಿ ಇಸ್ಕೊನಿಗೆ ಫೋನು ಮಾಡಿದ. ಇಸ್ಕೊ ಮನೆಬಾಗಿಲಿಗೇ ಬಂದು ಬ್ರೇಕು ರಿಪೇರಿ ಮಾಡುವವನು. ಮೋಟಾರು ಬೈಕಿಗೆ ಪೆಟ್ಟಿಗೆ ಕಟ್ಟಿಕೊಂಡು ಅರ್ಧ ಗಂಟೆಯಲ್ಲಿ ಹಾಜರಾದ.

ಅವನು ಜಾಕ್ ಇಡುವಷ್ಟರಲ್ಲಿ ಬೀದಿಯೇ ನೆರೆಯಿತು. ನಿವೃತ್ತ ಬಸ್ ಡ್ರೈವರ್ ಹೆರ್ಮೊ ಗಾಡಿಗೆ ಒರಗಿ ನಿಂತ.

"ಇದಕ್ಕೆಲ್ಲ ಯಾಕಪ್ಪಾ ರಿಪೇರಿ? ಮಂಜು ಬಿದ್ದಿದೆ, ಬಿಸಿಲು ಬಂದ್ರೆ ಸರಿಹೋಗತ್ತೆ. ನಾನು ಮೂವತ್ತು ವರ್ಷ ಬಸ್ ಓಡಿಸಿದೀನಿ."

"ಎರಡು ಸಲ ಕಣಿವೆಗೂ ಇಳಿಸಿದೀರಿ," ಎಂದ ಇಸ್ಕೊ ತಲೆ ಎತ್ತದೆ.

ಪಾಸಿತಾ ಬಿಸಿಬಿಸಿ ಅಕ್ಕಿ ಕಡುಬಿನ ತಟ್ಟೆ ಹಿಡಿದು ಬಂದಳು. "ತಮ್ಮಾ, ಮೊದಲು ತಿನ್ನು. ಗಾಡಿ ಸೋಮವಾರ ನೋಡಿದ್ರಾಯ್ತು."

"ಅಕ್ಕಾ, ಸೋಮವಾರ ಗಾಡಿ ಇರತ್ತೆ, ನಾನು ಇರಲ್ಲ," ಎಂದ ಎಲ್ಪಿಡಿಯೊ.

ನೆನಿತಾಳ ವಾದವೇ ಬೇರೆ. "ಆ ಸದ್ದು ಕೇಳಿದ್ರೆ ನೀವು ಬಂದ್ರಿ ಅಂತ ಗೊತ್ತಾಗತ್ತೆ. ಅನ್ನಕ್ಕಿಡ್ತೀನಿ. ಇನ್ಮೇಲೆ ಏನು ಮಾಡ್ಲಿ?"

ಎಲ್ಪಿಡಿಯೊ ಹಿಗ್ಗಿದ. ಮದುವೆಯಾಗಿ ಹದಿನೆಂಟು ವರ್ಷವಾದ ಮೇಲೂ ಇಷ್ಟು ಪ್ರೀತಿ ಯಾರಿಗೆ ಸಿಗುತ್ತದೆ?

ಇಸ್ಕೊ ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದ. ಪಾಸಿತಾಳ ಮೊಣಕಾಲು ಅದಕ್ಕೆ ತಗುಲಿತು. ಬೇಕೆಂದೇ ತಗುಲಿಸಿದಳು ಎಂದು ಯಾರೂ ಹೇಳಲಾರರು. ಚಕ್ರ ಇಳಿಜಾರಿನಲ್ಲಿ ಉರುಳಿತು, ಹೆರ್ಮೊನ ಒಣಹಾಕಿದ ಪ್ಯಾಂಟೊಂದನ್ನು ಎಳೆದುಕೊಂಡು ಸೀಮೆಬದನೆ ಚಪ್ಪರದೊಳಗೆ ನುಗ್ಗಿತು. ಬಳ್ಳಿ ಬಿಡಿಸಿ ಚಕ್ರ ಹೊತ್ತು ಮೇಲೆ ಬರುವಷ್ಟರಲ್ಲಿ ಎಲ್ಪಿಡಿಯೊನ ಮೈಯೆಲ್ಲ ತರಚಿಹೋಗಿತ್ತು.

ಇಸ್ಕೊ ಹಳೆಯ ಬ್ರೇಕ್ ಪ್ಯಾಡನ್ನು ಅವನ ಅಂಗೈಗಿಟ್ಟ. "ನೋಡಣ್ಣ, ಬಿಸ್ಕತ್ತಿನಷ್ಟು ದಪ್ಪ ಇರಬೇಕಾದ್ದು ಕಾಗದ ಆಗಿದೆ. ಈ ಚಿಕ್ಕ ತಗಡು ಇದೆಯಲ್ಲ, ಪ್ಯಾಡ್ ಸವೆದ ಮೇಲೆ ಇದು ಚಕ್ರದ ಡಿಸ್ಕಿಗೆ ತಾಗಿ ಕೂಗತ್ತೆ. ಬದಲಾಯಿಸು ಅಂತ ಅರ್ಥ. ಅದು ತಿಂಗಳುಗಟ್ಟಲೆ ಅರಚಿದೆ. ನೀವು ಕೇಳಿಸ್ಕೊಳ್ಳಲಿಲ್ಲ."

"ಬೀದಿಯವರೆಲ್ಲ ಚೆನ್ನಾಗಿ ಕೇಳಿಸ್ಕೊಂಡಿದಾರೆ," ಎಂದು ಎಲ್ಪಿಡಿಯೊ ನಕ್ಕ. ಅವನ ಜೊತೆ ಬೇರೆ ಯಾರೂ ನಗಲಿಲ್ಲ.

ಕೆಲಸ ಮುಗಿದಾಗ ಮೂರೂವರೆ. ಇದು ಸಂಜೆಗೂ ಮುಗಿಯುವುದಿಲ್ಲ ಎಂದುಕೊಂಡು ನೆರೆದವರು ಯಾವಾಗಲೋ ಕರಗಿದ್ದರು. ಬ್ರೇಕು ಸರಿಯಾದ ಸುದ್ದಿ ತಿಳಿಸೋಣವೆಂದು ಎಲ್ಪಿಡಿಯೊ ಕಚೇರಿಗೆ ಹೋದರೆ, ಕಪಿತಾನರು ಎಂದಿನಂತೆ ಮಧ್ಯಾಹ್ನದ ಮೀಟಿಂಗಿಗೆ ಹೋಗಿದ್ದಾರೆ ಎಂದು ಗುಮಾಸ್ತ ಹೇಳಿದ. ಎಲ್ಪಿಡಿಯೊ ಕೊನೆಯ ಸಲವೆಂದು ಗಾಡಿಯನ್ನು ಇಳಿಜಾರಿಗೆ ಬಿಟ್ಟ. ತಿರುವಿನಲ್ಲಿ ಪೆಡಲು ಒತ್ತಿದ. ಬೆಣ್ಣೆಯ ಮೇಲೆ ಕೈಯಿಟ್ಟ ಹಾಗೆ ಗಾಡಿ ನಿಂತಿತು. ಹಂದಿಗಳೂ ಏಳಲಿಲ್ಲ.

ಪಾಸಿತಾಳ ಬಾಗಿಲು ತೆರೆದೇ ಇತ್ತು. ಒಳಗೆ ಹೆರ್ಮೊ ಇಸ್ಪೀಟೆಲೆ ಹಂಚುತ್ತಿದ್ದ. ಜಪಮಾಲೆಗಳು ಮೊಳೆಗೆ ಸಾಲಾಗಿ ತೂಗುತ್ತಿದ್ದವು. ನೆನಿತಾಳ ಮುಂದೆ ಗೆದ್ದ ಚಿಲ್ಲರೆಯ ರಾಶಿ. ಅವಳ ಎದುರಿಗೆ, ಕೈಯಲ್ಲಿ ಹನ್ನೆರಡು ಎಲೆ ಬಿಡಿಸಿಕೊಂಡು, ಕಪಿತಾನ ಗೌದೆನ್ಸಿಯೊ.

ಕಪಿತಾನ ಎಲೆಗಳನ್ನು ಮಗುಚಿಟ್ಟ.

"ಎಲ್ಪಿಡಿಯೊ, ಸರ್ಕಾರಿ ಗಾಡಿ ಬ್ರೇಕನ್ನ ಯಾರ ಅಪ್ಪಣೆ ತಗೊಂಡು ಮುಟ್ಟಿದೆ?"

"ಸಾರ್, ಹಿಡೀಬೇಕು ಅಂದಿದ್ರಿ..."

"ಅದಕ್ಕೇ ಆ ಕೂಗೋ ಗಾಡೀನ ನಿನಗೆ ಕೊಟ್ಟಿದ್ದು ಕಣಯ್ಯಾ," ಎಂದ ಕಪಿತಾನ ಬೇಸರದಿಂದ.

ಕೆಲಸ ಹೋಗಲಿಲ್ಲ. ಸಾಂತಾ ರುಫಿನಾದಲ್ಲಿ ಇಸ್ಪೀಟಿಲ್ಲ, ಇರುವುದೆಲ್ಲ ಜಪವೇ ಎಂದು ಎಲ್ಪಿಡಿಯೊ ವರದಿ ಬರೆದುಕೊಟ್ಟ. ಸೋಮವಾರ ಇಸ್ಕೊ ಮತ್ತೆ ಬಂದ, ಹೊಸ ಪ್ಯಾಡಿನ ತಗಡನ್ನು ಬಗ್ಗಿಸಿ ಮೊದಲ ದಿನದಿಂದಲೇ ಡಿಸ್ಕಿಗೆ ತಾಗುವಂತೆ ಮಾಡಲು.

"ದಿನಾ ಕೂಗಿದ್ರೆ, ಪ್ಯಾಡ್ ನಿಜವಾಗ್ಲೂ ಮುಗಿದ ದಿನ ಹೇಗಣ್ಣ ಗೊತ್ತಾಗತ್ತೆ?" ಎಂದು ಅವನು ಕೇಳಿದ.

ಎಲ್ಪಿಡಿಯೊ ಅವನ ಕೈಗೆ ದುಡ್ಡಿಟ್ಟ. ಅಂದು ನಾಲ್ಕಕ್ಕೆ ತಿರುವಿನಲ್ಲಿ ಗಾಡಿ ಅರಚಿತು, ಹಂದಿಗಳು ಎದ್ದವು. ಅವನು ಪಾಸಿತಾಳ ಮನೆ ಹೊಕ್ಕಾಗ ಎಲ್ಲರೂ ಮಂಡಿಯೂರಿದ್ದರು. ಎಲ್ಪಿಡಿಯೊ ಟೋಪಿ ತೆಗೆದು ಅವರ ನಡುವೆ ಕೂತ. ಆ ಮನೆಯಲ್ಲಿ ಅಂದು ಮನಸ್ಸಿಟ್ಟು ಜಪ ಮಾಡಿದವನು ಅವನೊಬ್ಬನೇ.