ಅಡ್ಡಗೆರೆ ಮರೆತವನ ಅಹವಾಲು

ಯುನಿಕ್ಸ್ ಗಣಕಗಳಲ್ಲಿ ಒಬ್ಬ ಬಳಕೆದಾರನನ್ನು ಕ್ಷಣಾರ್ಧದಲ್ಲಿ ಇನ್ನೊಬ್ಬನನ್ನಾಗಿ ಮಾಡುವ ಮಾನ್ಯ ‘ಎಸ್‌ಯು’ ಆಜ್ಞೆಯವರೇ,

ತಾವು ಕ್ಷೇಮವೆಂದು ಬಲ್ಲೆ, ತಮಗೆ ಮದುವೆಯಾಗಿಲ್ಲ. ನನ್ನ ಕ್ಷೇಮದ ವಿಚಾರ ನಿವೇದಿಸಿಕೊಳ್ಳಲೆಂದೇ ಈ ಬಹಿರಂಗ ಪತ್ರ.

ನಾನು ಒಂದು ಶಾಲೆಯ ಗಣಕಗಳನ್ನು ನೋಡಿಕೊಳ್ಳುವವನು. ಅಲ್ಲೇ ಗಣಿತ ಕಲಿಸುವವಳು ನನ್ನ ಹೆಂಡತಿ. ಅವಳು ಊಟ ನಿದ್ದೆ ಬಿಟ್ಟು ಸಿದ್ಧಪಡಿಸಿದ ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಮುದ್ರಿಸಲು, ಮೊನ್ನೆ ತಮ್ಮ ಕೃಪೆಯಿಂದ ನಾನು ‘ಪರೀಕ್ಷಾ ವಿಭಾಗ’ ಎಂಬ ಬಳಕೆದಾರನಾದೆ. ಮುದ್ರಣವೆಲ್ಲ ಬೀಗ ಹಾಕಿದ ಕೋಣೆಯ ಪ್ರಿಂಟರಿಗೇ ಹೋಗತಕ್ಕದ್ದು ಎಂದು ಆ ಬಳಕೆದಾರ ಒಳಬಂದೊಡನೆ ಗಣಕ ಓದುವ ಆರಂಭದ ಕಡತದಲ್ಲಿ ನಾನೇ ಬರೆದಿಟ್ಟಿದ್ದೆ. ಆದರೆ ತಮ್ಮ ಹೆಸರಿನ ಪಕ್ಕ ಒಂದು ಅಡ್ಡಗೆರೆ ಎಳೆದು ಕರೆದರೆ ಹಳೆಯದನ್ನೆಲ್ಲ ಕಳಚಿಸಿ ಹೊಸಬನ ಮನೆಯೊಳಗೇ ಕೂರಿಸುವ ತಾವು, ಗೆರೆಯಿಲ್ಲದಿದ್ದರೆ ಆ ಕಡತವನ್ನು ತೆರೆದೂ ನೋಡದೆ, ಹಳಬನ ಏರ್ಪಾಡುಗಳನ್ನೇ ಹೊಸಬನ ಹೆಗಲಿಗೆ ಹೊರಿಸುತ್ತೀರಿ ಎಂಬುದನ್ನು, ಊರಿಗೆಲ್ಲ ಪಾಠ ಹೇಳುವ ನಾನೇ ಮರೆತೆ. ಅಂಗಿ ಬದಲಾಯಿತು, ಜೇಬು ನನ್ನದೇ ಉಳಿಯಿತು. ನನ್ನ ಏರ್ಪಾಡಿನಲ್ಲಿದ್ದದ್ದು ಗ್ರಂಥಾಲಯದ ಪ್ರಿಂಟರು.

ಅಲ್ಲಿ ಹತ್ತನೇ ತರಗತಿಯ ಮಕ್ಕಳು ಅದೇ ಗಣಿತ ಓದುತ್ತ ಕುಳಿತಿದ್ದರು. “ನಿಮ್ಮ ಮೇಡಂ ಎಷ್ಟು ಒಳ್ಳೆಯವರು ಸಾರ್! ಮಾದರಿ ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೊಂದು ಕಳಿಸಿದಾರೆ, ಹಂಚಿಬಿಟ್ಟೆ” ಎಂದು ಗ್ರಂಥಪಾಲಕರು ಫೋನಿನಲ್ಲಿ ಕೊಂಡಾಡಿದರು.

ತಮ್ಮನ್ನು ದೂರಲಾರೆ. ಹೇಳಿದ್ದನ್ನಷ್ಟೇ ಮಾಡಿ ಹೇಳದ್ದನ್ನು ಊಹಿಸದ ತಮ್ಮ ನಿಷ್ಠೆ ದೊಡ್ಡದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ದೂರಿದರೆ ನಾನೂ ಆ ಪೈಕಿಯಾದೇನು. ಆದರೂ ಒಂದೆರಡು ಬಿನ್ನಹಗಳಿವೆ. ನಾನು ಗೆರೆ ಮರೆತಾಗ ತಾವು ಒಮ್ಮೆ ಕೆಮ್ಮಬಾರದೆ? ಆಗದಿದ್ದರೆ, ಪತ್ರಿಕೆ ಓದಿಬಿಟ್ಟ ಮಕ್ಕಳನ್ನು ಪರೀಕ್ಷೆ ಮುಗಿಯುವವರೆಗೆ ಅದನ್ನು ಓದದ ಬೇರೆ ಮಕ್ಕಳನ್ನಾಗಿ ಬದಲಿಸಿಕೊಡಿ. ಅದೂ ಆಗದೆಂದರೆ ನನ್ನನ್ನೇ ಇನ್ಯಾರನ್ನಾದರೂ ಮಾಡಿ ಮನೆಗೆ ಕಳಿಸಿ. ಅವಳು ಮೊದಲ ಪ್ರಶ್ನೆಯಿಂದ ಹೊಸದಾಗಿ ಬರೆಯುತ್ತಿದ್ದಾಳೆ, ನನ್ನೊಡನೆ ಮಾತು ಬಿಟ್ಟಿದ್ದಾಳೆ. ಅವಳ ಬಗ್ಗಿದ ಬೆನ್ನು ನೋಡಿದರೆ ನಿಜವಾಗಿ ನಾಚಿಕೆಯಾಗುತ್ತದೆ.

ಇಂತಿ, ಯಾರಾಗಿ ಬದಲಾದರೂ ತಾನಾಗಿಯೇ ಉಳಿದುಬಿಡುವ,
ತಮ್ಮ ವಿಶ್ವಾಸಿ

ವಿ.ಸೂ.: ತಮಗೆ ಕಳಿಸುವ ಮುನ್ನ ಇದನ್ನು ಅವಳಿಗೆ ಓದಲು ಕೊಟ್ಟೆ. ಕ್ಷಮಿಸಿದಳೆನ್ನಲಾರೆ, ಆದರೆ ಮಾತಾಡಿದಳು: “ಆ ಗೆರೆ ಹಾಕಿದ್ರೆ ಹಳೇದೆಲ್ಲ ಬಿಟ್ಟು ಮನೆಯೊಳಗೆ ಬರ್ತಾರಾ? ಹಾಗಿದ್ರೆ ದಿನಾ ಸಂಜೆ ಅದನ್ನ ಹಾಕ್ಕೊಂಡೇ ಬನ್ನಿ. ಇಷ್ಟು ವರ್ಷ ಈ ಮನೆಗೆ ಕಂಪ್ಯೂಟರ್ ಸಾರ್ ಬರ್ತಿದಾರೆ, ನನ್ನ ಗಂಡ ಇನ್ನೂ ಬಂದಿಲ್ಲ.”