ಹಳೇ ಲಾರಿಗೆ ಹೊಸ ಬಾಗಲಾ

ತಗಡು ಸೊಟ್ಟಗಾದರೆ ಬಡಿದು ನೆಟ್ಟಗೆ ಮಾಡಬಹುದು. ಆ ತಗಡಿನೊಳಗೆ ವರ್ಷಗಟ್ಟಲೆ ಕೂತ ಮನುಷ್ಯನ ರೂಢಿಗೆ ಮಾತ್ರ ಯಾವ ಸುತ್ತಿಗೆಯೂ ನಾಟುವುದಿಲ್ಲ. ಅಣ್ಣಿಗೇರಿಯಲ್ಲಿ ಲಾರಿ ಕ್ಯಾಬಿನ್ನುಗಳ ಕೆಲಸ ಮಾಡುವ ನನಗೆ ಇದು ಮತ್ತೆ ಮತ್ತೆ ಗೊತ್ತಾಗುತ್ತಲೇ ಇರುತ್ತದೆ. ಒಂದು ಲಾರಿಯಂತೂ ನನ್ನನ್ನು ಸಾಕುಸಾಕು ಮಾಡಿತು. ಶಲವಡಿಯ ಸಾವ್ಕಾರರೊಬ್ಬರದು. ಕಡಲೆ ಚೀಲ ಹೊತ್ತು ಹೊತ್ತು ಮುದಿಯಾದ ಗಾಡಿ. ಎಂಜಿನ್ ಗಟ್ಟಿ, ಕ್ಯಾಬಿನ್ ಮಾತ್ರ ತುಕ್ಕು ತಿಂದು ಜರಡಿ.

"ಮಿಸ್ತ್ರಿ, ಎಂಜಿನ್ ಒಂದ ಇರ್ಲಿ. ಹಳೇದು ಏನೇನು ಐತಿ, ಎಲ್ಲಾ ಬದಲಿ ಮಾಡ್ರಿ" ಅಂದರು ಸಾವ್ಕಾರರು.

ಬಾಜೂಕೆ ನಿಂತಿದ್ದ ಹಳೇ ಡ್ರೈವರ್ ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದ.

ನೆಲದ ತೂತು

ಮೊದಲು ನೆಲ. ಡ್ರೈವರನ ಎಡಗಾಲಿನ ಹತ್ತಿರ ಮುಷ್ಟಿಯಷ್ಟು ತೂತು ಬಿದ್ದು, ಕೆಳಗೆ ಓಡುವ ರಸ್ತೆ ಕಾಣುತ್ತಿತ್ತು. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಕೂಡಿಸಿ ವೆಲ್ಡಿಂಗ್ ಮಾಡಿದೆ. ಗಾಡಿ ಓಡಿಸಿ ನೋಡಲು ಮೂವರೂ ನವಲಗುಂದದ ಕಡೆ ಹೊರಟೆವು. ನಡುವೆ ಸಾವ್ಕಾರರು, ಹಾಲಿನಂಥ ಧೋತರ ಉಟ್ಟು ಕೂತಿದ್ದರು.

ಡ್ರೈವರ್ ರಸ್ತೆಯ ಮೇಲಿನ ಕಣ್ಣು ತೆಗೆಯದೆ, ತುಸು ಬಗ್ಗಿ, ಬಾಯಿ ತುಂಬ ಇದ್ದ ಎಲೆಅಡಿಕೆ ರಸವನ್ನು ಪಿಚಕ್ಕನೆ ಉಗುಳಿದ. ಅದು ಬರೀ ತೂತಾಗಿರಲಿಲ್ಲ, ಅವನ ಪೀಕದಾನಿಯಾಗಿತ್ತು ಅನ್ನುವುದು ನನಗೆ ತಿಳಿದದ್ದು ಆಗಲೇ. ರಸ ಹೊಸ ತಗಡಿಗೆ ಬಡಿದು ಸೀದಾ ಧೋತರಕ್ಕೆ ಸಿಡಿಯಿತು.

"ತೂತು ಎಲ್ಲಿ ಹೋತ್ರಿ ಮಿಸ್ತ್ರಿ?" ಅಂತ ಅವನು ನನ್ನ ಮೇಲೇ ಜೋರು ಮಾಡಿದ.

ಸಾವ್ಕಾರರು ಧೋತರವನ್ನೊಮ್ಮೆ ನೋಡಿಕೊಂಡರು. "ಗಾಡಿ ಹೊಳ್ಳಸಲೇ. ಮಿಸ್ತ್ರಿ, ಆ ತೂತು ಎಲ್ಲಿತ್ತೋ ಅಲ್ಲೇ ವಾಪಸ್ ಹೊಡೀರಿ."

ಭುಜದ ಕೀಲಿ

ಆಮೇಲೆ ಡ್ರೈವರ್ ಕಡೆಯ ಬಾಗಿಲು. ಹಳೇದು ಜೋತುಬಿದ್ದು, ಒಳಗಿನಿಂದ ಭುಜ ಕೊಟ್ಟು ಗುದ್ದಿದರೆ ಮಾತ್ರ ತೆರೆಯುತ್ತಿತ್ತು. ಹೊಸ ಬಾಗಿಲು, ಹೊಸ ಬಿಜಾಗರಿ ಹಾಕಿ, "ಇನ್ನ ಬಟ್ಟು ಮುಟ್ಟಿಸಿದ್ರ ಸಾಕು ನೋಡಪಾ" ಅಂತ ಹೇಳಿಯೇ ಕಳಿಸಿದ್ದೆ.

ಮರುದಿನ ಡ್ರೈವರ್ ಮೈಯೆಲ್ಲ ಕೆಂಪಾಗಿ, ಸೀನುತ್ತ ಬಂದ. ಅಡತಿ ಅಂಗಡಿ ಮುಂದೆ ಲಾರಿ ನಿಲ್ಲಿಸಿ, ರೂಢಿಯಂತೆ ಭುಜ ಕೊಟ್ಟಿದ್ದಾನೆ. ಬಾಗಿಲು ಹೂವಿನಂತೆ ತೆರೆದಿದೆ, ಇವನು ಅದರ ಹಿಂದೆಯೇ ಹೋಗಿ ಒಣಹಾಕಿದ್ದ ಮೆಣಸಿನಕಾಯಿಯಲ್ಲಿ ಬಿದ್ದಿದ್ದಾನೆ.

"ಬಾಗಲಾ ಹೆಂಗೈತೋ?" ಅಂದೆ.

"ಬಾಗಲಾ ಅಗದಿ ಚೊಲೋ ಐತ್ರಿ. ನನ್ನ ಭುಜಾನ ಒಂದೀಟು ಬಡದು ನೆಟ್ಟಗ ಮಾಡ್ರಿ."

ಗುಜರಿಯ ಶೋಭಾ

ಆಚೆ ಕಡೆಯ ಬಾಗಿಲು ಹೊಸದು ಸಿಗಲಿಲ್ಲ. ಹುಬ್ಬಳ್ಳಿ ಗುಜರಿಯಿಂದ ಒಂದು ತಂದು ಕೂಡಿಸಿದೆ. ಅದರ ಮೇಲೆ ಗುಲಾಬಿ ಹೂವು, ಕೆಳಗೆ ದಪ್ಪ ಅಕ್ಷರದಲ್ಲಿ "ಶೋಭಾ". ಬಣ್ಣ ಆಮೇಲೆ ಹೊಡೆದರಾಯಿತೆಂದು ಡ್ರೈವರ್ ಲಾರಿ ತಗೊಂಡು ಮನೆಗೆ ಊಟಕ್ಕೆ ಹೋದ.

ಸ್ವಲ್ಪ ಹೊತ್ತಿಗೆ ಗ್ಯಾರೇಜಿನ ಮುಂದೆ ಒಂದು ಟಂಟಂ ನಿಂತಿತು. ಬಟ್ಟೆಚೀಲ ಹಿಡಿದು ಅವನ ಹೆಂಡತಿ ಇಳಿದಳು. ಹಿಂದೆಯೇ ಲಾರಿ ಬಂತು, ಅದರಲ್ಲಿ ಉಪವಾಸದ ಮುಖದ ಡ್ರೈವರ್.

"ಅಣ್ಣಾರ, ಖರೇ ಹೇಳ್ರಿ. ಈ ಶೋಭಾ ಯಾರು?"

"ನನಗೇನು ಗೊತ್ತು ತಂಗಿ? ಗುಜರಿ ಬಾಗಲಾ ಅದು. ಯಾರದೋ ಲಾರೀದು."

"ಗಂಡಸರೆಲ್ಲಾ ಕೂಡಿ ಒಂದ ಮಾತು ಕಲ್ತೀರಿ. ನಾ ಮಿಶ್ರಿಕೋಟಿಗೆ ತವರಿಗೆ ಹೊಂಟೇನಿ. ಈತಗ ಆ ಶೋಭಾನ ರೊಟ್ಟಿ ಬಡೀಲಿ."

ಅವಳ ಕಣ್ಣಲ್ಲಿ ನೀರಿತ್ತು. ಸಂಸಾರ ಮುರಿದ ಪಾಪ ನನಗ್ಯಾಕೆ ಅಂತ ಪಾಲಿಶ್ ಕಾಗದ ಹಿಡಿದು, "ಹಳೇ ಬಣ್ಣ ತಂಗಿ. ನೋಡು, ತಿಕ್ಕಿದ್ರ ಹೋಗತೈತಿ" ಅಂತ ಜೋರಾಗಿ ತಿಕ್ಕತೊಡಗಿದೆ. ಗುಲಾಬಿ ಹೋಯಿತು. ಶೋಭಾನೂ ಹೋದಳು. ಕೆಳಗಿನ ಹಸಿರು ಬಣ್ಣದಲ್ಲಿ ಮೆಲ್ಲಗೆ ಬೇರೆ ಅಕ್ಷರ ಮೂಡಿದವು: ಸ... ರೋ... ಜಾ.

ನನ್ನ ಕೈ ನಿಂತಿತು. ಡ್ರೈವರ್ ತಲೆ ಹಿಡಿದು ನೆಲಕ್ಕೆ ಕುಕ್ಕರಿಸಿದ.

ಅವಳು ಬಾಗಿಲು ನೋಡಿದಳು, ಗಂಡನನ್ನು ನೋಡಿದಳು. ಬೋಳುತಲೆಯಿಂದ ಹರಕು ಚಪ್ಪಲಿಯವರೆಗೆ ಸಾವಕಾಶವಾಗಿ ನೋಡಿದಳು. ಆಮೇಲೆ ಚೀಲ ಕೆಳಗಿಟ್ಟು, ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು.

"ಒಬ್ಬಾಕಿ ಅಂದ್ರ ನಂಬತಿದ್ನಿರಿ ಅಣ್ಣಾರ. ಈ ಮಾರಿಗೆ ಇಬ್ಬರು? ಶಕ್ಯನ ಇಲ್ಲ!"

ಬದುಕಿದೆಯಾ ಬಡಜೀವವೇ ಅಂತ ಸುಮ್ಮನಿರಬೇಕಿತ್ತು ಅವನು. ಇಲ್ಲ, ಎದ್ದು ನಿಂತು ಸಿಟ್ಟಿನಿಂದ ಕೇಳಿದ:

"ಯಾಕ? ಏನಾಗೇತಿ ನನ್ನ ಮಾರಿಗೆ?"