ಖಾಲಿ ಕಲಂ ಒಪ್ಪದ ಡೇಟಾಬೇಸ್ ಕಲಿಯಲು ಅನುಮತಿ ಕೋರಿ

ಇಂದ,
ನೀಲಾ ಲಗಮಣ್ಣ ಹಾದಿಮನಿ,
ಕಂಪ್ಯೂಟರ್ ಆಪರೇಟರ್ (ಚಹಾ ತರಿಸುವುದೂ ಸೇರಿ),
ವಧು-ವರ ಮಾಹಿತಿ ಕೇಂದ್ರ, ಬೈಲಹೊಂಗಲ.

ಗೆ,
ಶ್ರೀ ನಿಜಗುಣಪ್ಪನವರು, ಮಾಲಕರು,
ಅದೇ ಕೇಂದ್ರ, ಅದೇ ಕೋಣೆ, ಎದುರಿನ ಮೇಜು.

ವಿಷಯ: ನಾಲ್ಕು ಬಗೆಯ ಡೇಟಾಬೇಸ್‌ಗಳನ್ನು ಹೋಲಿಸಿ ನೋಡಿ, ಅವುಗಳಲ್ಲಿ ಪೋಸ್ಟ್‌ಗ್ರೆಸ್ ಎಂಬುದನ್ನು ಕಲಿಯಲು ಅನುಮತಿ ಕೋರಿ.

ಉಲ್ಲೇಖ:
1. ಮಾಹಿತಿಯ ನಕಲು ಇಡಲು ಪೆನ್‌ಡ್ರೈವ್ ಕೋರಿ ನಾನು ಸಲ್ಲಿಸಿದ್ದ ಅರ್ಜಿ (ತಾವು ಅದರ ಮೇಲೆ ಮಿರ್ಚಿ ಭಜಿ ಇಟ್ಟುಕೊಂಡು ತಿಂದದ್ದು).
2. ತಮ್ಮ ಮೌಖಿಕ ಆದೇಶ: "ಯಾವುದು ಕಲೀತಿ, ಯಾಕ ಕಲೀತಿ, ಬರದ ಕೊಡು. ಬಾಯಿಲೆ ಹೇಳಬ್ಯಾಡ."

ಮಾನ್ಯರೇ,

ಆದೇಶದಂತೆ ಬರೆದು ಕೊಡುತ್ತಿದ್ದೇನೆ. ಉದ್ದವಾಗಿದ್ದರೆ ಅದಕ್ಕೆ ನಡೆದ ಸಂಗತಿಯೇ ಕಾರಣ.

1. ನಮ್ಮ ಕೇಂದ್ರದಲ್ಲಿ 2,316 ವಧು-ವರರ ವಿವರಗಳು ಒಂದೇ ಎಕ್ಸೆಲ್ ಹಾಳೆಯಲ್ಲಿದ್ದವು. ಕಳೆದ ತಿಂಗಳು ನಾನು ರಜೆಯಲ್ಲಿದ್ದ ಸೋಮವಾರ, ಹೆಸರುಗಳು ಅಕಾರಾದಿಯಾಗಿ ಇರಲಿ ಎಂಬ ಸದುದ್ದೇಶದಿಂದ ತಾವು ಹೆಸರಿನ ಕಲಂ ಒಂದನ್ನೇ ಆರಿಸಿ ಗುಂಡಿ ಒತ್ತಿದಿರಿ. ಉಳಿದ ಕಲಂಗಳನ್ನೂ ಜೊತೆಗೆ ಸರಿಸಬೇಕೇ ಎಂದು ಕಂಪ್ಯೂಟರ್ ಕೇಳಿತ್ತು. ಆ ಬಗ್ಗೆ ತಮ್ಮ ಹೇಳಿಕೆ: "ಏನೋ ಇಂಗ್ಲಿಷ್‌ನ್ಯಾಗ ಕೇಳಿತು. ಬ್ಯಾಡ ಅಂದೆ." ಆದ್ದರಿಂದ ಹೆಸರುಗಳು ಮಾತ್ರ ಸಾಲಾಗಿ ನಿಂತವು. ವಯಸ್ಸು, ಎತ್ತರ, ಓದು, ಫೋನ್ ನಂಬರು ಇದ್ದಲ್ಲೇ ಉಳಿದವು. ಪ್ರತಿಯೊಬ್ಬರ ಹೆಸರಿನ ಮುಂದೆಯೂ ಬೇರೊಬ್ಬರ ಬದುಕು ಬಂದು ಕೂತಿತು. ತಾವು ಅದನ್ನು ಹಾಗೆಯೇ ಸೇವ್ ಮಾಡಿ, ಕಂಪ್ಯೂಟರ್ ಬಂದ್ ಮಾಡಿ ಊಟಕ್ಕೆ ಹೋದಿರಿ. ಉಲ್ಲೇಖ ಒಂದರ ಪೆನ್‌ಡ್ರೈವ್ ಇಲ್ಲದ ಕಾರಣ ಹಳೆಯ ಪ್ರತಿ ಎಲ್ಲಿಯೂ ಇರಲಿಲ್ಲ.

2. ಗುರುವಾರ ತೊರಗಲ್ಲಿನ ಒಂದು ಮನೆತನಕ್ಕೆ ತಾವು ಮುರಗೋಡದ ದುರ್ಗಾ ಎಂಬವರ ವಿವರಗಳನ್ನು ಅದೇ ಹಾಳೆಯಿಂದ ಓದಿ ಹೇಳಿದಿರಿ. ಮನೆ ತಮಗೆ ಗೊತ್ತಿದ್ದುದರಿಂದ ದಾರಿಯನ್ನೂ ತಾವೇ ಹೇಳಿ ಕಳಿಸಿದಿರಿ. ಐದಡಿ ಎಂಟಂಗುಲದ, ಹೊಲಿಗೆ ಬಲ್ಲ, ಕೂಡು ಕುಟುಂಬ ಇಷ್ಟಪಡುವ ಹುಡುಗಿಯನ್ನು ನೋಡಲು ಹನ್ನೊಂದು ಜನ ಕ್ರೂಸರ್ ಗಾಡಿಯಲ್ಲಿ ಬಂದಿಳಿದರು. ದುರ್ಗಾ ಸವದತ್ತಿಯಲ್ಲಿ ನರ್ಸ್, ಎತ್ತರ ಐದಡಿಗಿಂತ ಕಡಿಮೆ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವಳನ್ನು ಎಬ್ಬಿಸಿ ಸೀರೆ ಉಡಿಸಲಾಯಿತು. ಹುಡುಗನ ಸೋದರಮಾವ ಗೋಡೆಗೆ ನಿಲ್ಲಿಸಿ ಗೇಣು ಹಾಕಿ ಎತ್ತರ ಅಳೆದರು. ಆಮೇಲೆ "ಅರ್ಧಾ ಹುಡುಗೀನ ತೋರಸ್ತೀರೇನು?" ಎಂದು ಕೇಳಿ, ಉಪ್ಪಿಟ್ಟು ತಿಂದು ಹೋದರು.

3. ಶುಕ್ರವಾರ ದುರ್ಗಾಳ ತಾಯಿ ಸಿದ್ದಲಿಂಗವ್ವ ಮಗಳನ್ನು ಕರೆದುಕೊಂಡು ಕೇಂದ್ರಕ್ಕೆ ಬಂದರು. ನಡೆದ ಮಾತುಕತೆ ತಮಗೆ ನೆನಪಿಲ್ಲ ಎಂದು ಹೇಳಿರುವ ಕಾರಣ ಇಲ್ಲಿ ದಾಖಲಿಸುತ್ತೇನೆ.

ಸಿದ್ದಲಿಂಗವ್ವ: "ಏನ್ರೀ ಮಾಲಕರ, ಓಣ್ಯಾಗಿನ ಮಂದಿ ಎದುರಿಗೆ ನನ್ನ ಮಗಳ ಮರ್ಯಾದಿ ತಗದ್ರೆಲ್ಲಾ!"

ತಾವು: "ಮಷೀನಿನ ತಪ್ಪರೀ ಅವ್ವಾರ. ಬ್ಯಾರೇ ಸಂಬಂಧ ತೋರಸ್ತೇನಿ, ತಡೀರಿ."

ಆಗ ದುರ್ಗಾ ನನ್ನ ಕಡೆ ತಿರುಗಿ ಕೇಳಿದಳು: "ಅಕ್ಕಾರ, ನನಗ ಈಗ ಮದುವಿ ಬ್ಯಾಡಂತ ಅವ್ವಗ ಹತ್ತು ಸಲ ಹೇಳೇನಿ. ನಿಮ್ಮ ಕಂಪ್ಯೂಟರ್‌ನ್ಯಾಗ ಅದನ್ನ ಎಲ್ಲಿ ಬರದೀರಿ, ತೋರಸ್ರಿ."

ನಾನು ಹುಡುಕಿದೆ. ಹಾಳೆಯಲ್ಲಿ ಮೂವತ್ತೊಂದು ಕಲಂಗಳಿದ್ದವು. ಮೈಬಣ್ಣಕ್ಕೊಂದು, ನಕ್ಷತ್ರಕ್ಕೊಂದು, ಸೋದರಮಾವನ ಉದ್ಯೋಗಕ್ಕೊಂದು. ಹುಡುಗಿ ಒಪ್ಪಿದ್ದಾಳೋ ಇಲ್ಲವೋ ಎಂಬುದಕ್ಕೆ ಒಂದೂ ಇರಲಿಲ್ಲ. ಹನ್ನೊಂದು ವರ್ಷ ಆ ಹಾಳೆಯನ್ನು ತುಂಬಿದವಳು ನಾನು. ನನಗೆ ಅದು ಹೊಳೆದಿರಲಿಲ್ಲ. ನಾನು ಈ ಕೇಂದ್ರಕ್ಕೆ ಮೊದಲ ಸಲ ಬಂದದ್ದು ಅಪ್ಪ ನನ್ನನ್ನು ಕೇಳದೆ ಬರೆಸಿದ್ದ ನನ್ನ ಹೆಸರನ್ನು ತೆಗೆಸಲಿಕ್ಕೆ. ತಾವು "ಟೈಪಿಂಗ್ ಬರತೇತೇನು?" ಎಂದು ಕೇಳಿದಿರಿ, ನಾನು ಕೂತೆ. ಹೆಸರು ಹಾಗೇ ಉಳಿಯಿತು. ದುರ್ಗಾಳಿಗೆ ನಾನು "ಇಲ್ಲ" ಎಂದಷ್ಟೇ ಹೇಳಿದೆ. ಅವಳು ತಾಯಿಯ ಕೈ ಹಿಡಿದು ಎದ್ದಳು.

4. ಕಾರಣ, ಔಷಧ ಅಂಗಡಿಯ ಮೇಲಿನ ಕಂಪ್ಯೂಟರ್ ಕ್ಲಾಸಿನ ಸಾಗರ ಎಂಬವರನ್ನು ಕಂಡೆ. ಅವರು ಹೇಳಿದ್ದು: "ಅಕ್ಕಾರ, ಇದಕ್ಕ ರಿಲೇಶನಲ್ ಡೇಟಾಬೇಸ್ ಬೇಕರಿ. ಒಬ್ಬರ ಹೆಸರು, ವಯಸ್ಸು, ನಂಬರು ಎಲ್ಲಾ ಒಂದ ಸಾಲಿಗೆ ಕಟ್ಟಿಹಾಕಿರತೇತಿ. ಹೆಸರಷ್ಟ ಎದ್ದ ಹೋಗಾಕ ಬರಂಗಿಲ್ಲ." ಇದನ್ನು ತಿಳಿಸಿದಾಗ ತಾವು, "ಸಂಬಂಧ ಕೂಡಸೋದು ನಮ್ಮ ಧಂದೆ. ಅದಕ್ಕ ಮಷೀನ್ ಯಾಕ ಬೇಕು?" ಎಂದು ಕೇಳಿದ್ದನ್ನು ಇಲ್ಲಿ ಚರ್ಚಿಸುವುದಿಲ್ಲ.

5. ಹೋಲಿಕೆ ಈ ಕೆಳಗಿನಂತಿದೆ.

ಅ) ಎಸ್‌ಕ್ಯೂಲೈಟ್: ಉಚಿತ. ಎಲ್ಲವೂ ಒಂದೇ ಫೈಲಿನಲ್ಲಿ ಅಡಗುತ್ತದೆ, ನಮ್ಮಂಥ ಚಿಕ್ಕ ಜಾಗಕ್ಕೆ ಸಾಕು. ಆದರೆ ಬಿಗಿ ಮಾಡದಿದ್ದರೆ ಬಹಳ ಮೃದು. ವಯಸ್ಸಿನ ಕಲಂನಲ್ಲಿ "ನೋಡಾಕ ಸಣ್ಣಾಂವ ಕಾಣಸ್ತಾನ" ಎಂದು ಬರೆದೆ, ತೆಗೆದುಕೊಂಡಿತು. ಈ ಕೆಲಸಕ್ಕೆ ಕೇಂದ್ರದಲ್ಲಿ ಈಗಾಗಲೇ ತಾವಿದ್ದೀರಿ.

ಆ) ಮೈಎಸ್‌ಕ್ಯೂಎಲ್: ಎಲ್ಲರೂ ಕಲಿಯುವುದು, ನೌಕರಿ ಬೇಗ ಸಿಗುವುದು ಇದರಿಂದ ಎಂದು ಸಾಗರ ಹೇಳುತ್ತಾರೆ. ಆದರೆ ಕ್ಲಾಸಿನಲ್ಲಿರುವುದು ಹಳೆಯ ಆವೃತ್ತಿ. ವಯಸ್ಸು ಹದಿನೆಂಟರ ಮೇಲೇ ಇರಬೇಕೆಂದು ನಿಯಮ ಬರೆದರೆ ಹೂಂ ಎನ್ನುತ್ತದೆ, ಪಾಲಿಸುವುದಿಲ್ಲ. ಹೊಸದರಲ್ಲಿ ಸರಿಪಡಿಸಿದ್ದಾರಂತೆ.

ಇ) ಒರಾಕಲ್: ದೊಡ್ಡ ಬ್ಯಾಂಕುಗಳದ್ದು. ಅಕ್ಷರದ ಕಲಂನಲ್ಲಿ ಖಾಲಿ ಬಿಟ್ಟದ್ದೂ ಗೊತ್ತಿಲ್ಲದ್ದೂ ಅದಕ್ಕೆ ಒಂದೇ. ನಮ್ಮಲ್ಲಿ ಬಾಯಿ ಮುಚ್ಚಿ ಕೂತವರನ್ನೆಲ್ಲ "ಒಪ್ಪಿದ್ದಾರೆ" ಎಂದು ಬರೆಯುವ ರೂಢಿ ಇರುವುದರಿಂದ ಇದನ್ನು ದೂರವಿಟ್ಟೆ.

ಈ) ಪೋಸ್ಟ್‌ಗ್ರೆಸ್: ಉಚಿತ. ಕಲಿಯಲು ತುಸು ಕಷ್ಟ, ಸ್ವಭಾವ ಬಿಗಿ. "ಒಪ್ಪಿಗೆ" ಎಂಬ ಕಲಂ ಮಾಡಿ, ಅದು ಖಾಲಿ ಇರಕೂಡದು, ಅದರಲ್ಲಿ "ಹೌದು", "ಇಲ್ಲ", "ಇನ್ನೂ ಹೇಳಿಲ್ಲ" ಇವಿಷ್ಟೇ ಇರಬೇಕು ಎಂದು ನಿಯಮ ಹಾಕಿದೆ. ನಂತರ ದುರ್ಗಾಳ ವಿವರಗಳನ್ನು ಒಪ್ಪಿಗೆ ಇಲ್ಲದೆ ತುಂಬಿ ನೋಡಿದೆ. ತಿರಸ್ಕರಿಸಿತು. ಮತ್ತೆ ತುಂಬಿದೆ, ಮತ್ತೆ ತಿರಸ್ಕರಿಸಿತು. ಒಬ್ಬ ಹುಡುಗಿಯ ಪರವಾಗಿ ಯಾರಾದರೂ ಹೀಗೆ ಹಟ ಹಿಡಿದದ್ದನ್ನು ನಾನು ಹನ್ನೊಂದು ವರ್ಷದಲ್ಲಿ ನೋಡಿರಲಿಲ್ಲವಾದ್ದರಿಂದ ಇನ್ನೂ ಮೂರು ಸಲ ತುಂಬಿ ನೋಡಿದೆ.

ನಿಯಮಗಳನ್ನು ಉಳಿದವುಗಳಲ್ಲೂ ಹಾಕಬಹುದು, ಭಾಷೆ ಬಹುತೇಕ ಒಂದೇ, ಒಂದು ಕಲಿತರೆ ಮತ್ತೊಂದು ಬರುತ್ತದೆ ಎಂದು ಸಾಗರ ಹೇಳಿದ್ದಾರೆ. ನಿಜವಿರಬಹುದು. ಆದರೂ ನಾನು ಮೊದಲು ಬಿಗಿ ಇರುವುದರ ಕೈಕೆಳಗೆ ಕಲಿಯಬಯಸುತ್ತೇನೆ. ಮೃದು ಇರುವವರ ಕೈಕೆಳಗೆ ಸಾಕಷ್ಟು ಕಲಿತಾಗಿದೆ.

6. ಅನುಮತಿ ಸಿಗುವ ನಿರೀಕ್ಷೆಯಲ್ಲಿ ಕಲಿಕೆ ಕಳೆದ ಶನಿವಾರವೇ ಮುಗಿದಿದೆ. ಕಾರಣ ಅನುಮತಿಯನ್ನು ಹಿಂದಿನ ದಿನಾಂಕದಿಂದ ನೀಡಬೇಕು. ನನ್ನ ಒಪ್ಪಿಗೆಯನ್ನು ಯಾರೂ ಕೇಳದ ಕಾರಣ ನಾನೇ ಕೇಳಿಕೊಂಡು, "ಇಲ್ಲ" ಎಂದು ತುಂಬಿದ್ದೇನೆ. ದುರ್ಗಾಳದ್ದೂ "ಇಲ್ಲ". ಅದನ್ನು ಬರೆಸಲು ಸಿದ್ದಲಿಂಗವ್ವ ಖುದ್ದಾಗಿ ಬಂದಿದ್ದರು. ಕುರ್ಚಿಯ ಮೇಲೆ ಕೂಡದೆ ನಿಂತೇ ಹೇಳಿದರು: "ಅಕಿ ಹೇಳಿದ್ದನ್ನ ಬರಕೋವಾ. ನಾ ಇನ್ನ ಏನೂ ಹೇಳಂಗಿಲ್ಲ."

7. ಉಳಿದವರಿಗಾಗಿ ಈಗ ಒಂದೊಂದೇ ನಂಬರಿಗೆ ಫೋನ್ ಮಾಡಿ, ಯಾರ ಮನೆ ಎಂದು ಕೇಳಿ, ಹೆಸರು ಜೋಡಿಸುತ್ತಿದ್ದೇನೆ. ಹುಡುಗಿಯರನ್ನೇ ಫೋನಿಗೆ ಕರೆಸಿ ಒಪ್ಪಿಗೆ ಕೇಳುತ್ತೇನೆ. ಇದುವರೆಗೆ ನೂರಾ ನಲವತ್ತು ಜನರನ್ನು ಕೇಳಿಯಾಯಿತು. ಐವತ್ತೆರಡು ಮಂದಿಗೆ ತಂತಮ್ಮ ಹೆಸರು ಇಲ್ಲಿರುವುದೇ ಗೊತ್ತಿರಲಿಲ್ಲ.

ನಾಲ್ಕೈದು ದಿನಗಳ ಹಿಂದೆ ಸಂಪಗಾಂವದ ಒಂದು ನಂಬರಿಗೆ ಫೋನ್ ಹಚ್ಚಿದೆ. ಅಣ್ಣನ ಫೋನು, ಎತ್ತಿದ್ದು ತಂಗಿ ಬಾಯವ್ವ. ನಲವತ್ತನಾಲ್ಕು ವರ್ಷ, ಗಂಡ ತೀರಿ ಒಂಬತ್ತು ವರ್ಷ. ಹೆಸರು ಬರೆಸಿದವರು ಅಣ್ಣ. "ನಿಮಗ ಮನಸ್ಸು ಐತೇನ್ರಿ?" ಎಂದು ಕೇಳಿದೆ. "ತಂಗಿ, ಒಂದ ನಿಮಿಷ ತಡಿ, ಬಾಗಲಾ ಹಾಕ್ಕೊಂಡ ಬರತೇನಿ" ಎಂದರು. ಬಂದು ನಲವತ್ತು ನಿಮಿಷ ಮಾತಾಡಿದರು. ಮದುವೆಯ ಬಗ್ಗೆ ಮಾತಾಡಿದ್ದು ಎರಡು ನಿಮಿಷ ಇರಬಹುದು. ಹೌದೆಂದಿಲ್ಲ, ಇಲ್ಲವೆಂದೂ ಹೇಳಿಲ್ಲ. ಆದ್ದರಿಂದ "ಇನ್ನೂ ಹೇಳಿಲ್ಲ" ಎಂದು ದಾಖಲಿಸಿದೆ. ಫೋನ್ ಇಡುವಾಗ "ನಾಳೆ ಮೂರಕ್ಕ ನಾನ ಮಾಡ್ಲೇನು?" ಎಂದು ಕೇಳಿದರು. ಮಾಡಿರೆಂದೆ. ಅಂದಿನಿಂದ ದಿನಾಲೂ ಮಾಡುತ್ತಿದ್ದಾರೆ.

ಆದ್ದರಿಂದ ಮಾನ್ಯರು ಈ ಅರ್ಜಿಯ ಮೇಲೆ ಏನನ್ನೂ ಇಡದೆ ಓದಿ, ಸಹಿ ಮಾಡಬೇಕಾಗಿ ಕೋರಿಕೆ.

ತಮ್ಮ ವಿಶ್ವಾಸಿ (ಸಂಜೆ ಆರರವರೆಗೆ),
ನೀಲಾ ಹಾದಿಮನಿ

ಲಗತ್ತು:
1. ಪೋಸ್ಟ್‌ಗ್ರೆಸ್ ತಿರಸ್ಕರಿಸಿದ ಐದು ದಾಖಲೆಗಳ ಮುದ್ರಿತ ಪ್ರತಿ.
2. ಕ್ಲಾಸು ಮುಗಿಸಿದ ಪ್ರಮಾಣಪತ್ರ (ಹೆಸರು ಸರಿಯಾಗಿದೆ).

ವಿ.ಸೂ.: ಮಧ್ಯಾಹ್ನ ಮೂರಕ್ಕೆ ಕೇಂದ್ರಕ್ಕೆ ಬಾಯವ್ವನವರ ಫೋನ್ ಬಂದಾಗ ನಾನು ಚಹಾ ಹೇಳಲು ಕೆಳಗೆ ಹೋಗಿದ್ದರೆ, ದಯಮಾಡಿ ತಾವು ಎತ್ತಿ "ಹೂಂ" ಎನ್ನುತ್ತಿರಬೇಕಾಗಿ ವಿನಂತಿ. ಮತ್ತೇನೂ ಹೇಳುವುದು ಬೇಡ.